ಪ್ರೇಮಿಗಳ ದಿನ ಮತ್ತು ತಳಿ ಊರಿನ ಗುಲಾಬಿ

ಫೆಬ್ರವರಿ 14ರ ಸಂಜೆ ಸಿಂಗಾಪುರದ ಎಂಆರ್‌ಟಿ ರೈಲು ಹತ್ತಿದರೆ ಕಣ್ಣಿಗೆ ಬೀಳೋದೆಲ್ಲ ಕೆಂಪು ಗುಲಾಬಿ. ಆಫೀಸು ಬಿಟ್ಟು ಬರುವ ಹುಡುಗಿಯರ ಮಡಿಲಲ್ಲಿ ದೊಡ್ಡ ಗುಚ್ಛ, ಮುಖದಲ್ಲಿ ಮುಚ್ಚಿಡಲಾಗದ ಖುಷಿ. ಪಕ್ಕದಲ್ಲೇ ಕೈ ಖಾಲಿ ಇರುವವರು ಫೋನು ನೋಡುತ್ತಾ ಕೂತಿರುತ್ತಾರೆ. ಅವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ನನ್ನ ಗಂಡನೂ ಒಂದು ಗುಲಾಬಿ ತಂದಿದ್ದರು. ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು, 'ಅಮ್ಮ, ಇಂಥದ್ದನ್ನ ಅಜ್ಜಿ ದಿನಾ ಕೊಯ್ತಿದ್ರು ಅಲ್ವಾ? ಅಷ್ಟು ಕೊಯ್ದರೂ ಅಜ್ಜಿಗೆ ಯಾರೂ ಒಂದೂ ಕೊಡ್ಲಿಲ್ವಾ?'

ಹೊಸೂರಿನ ಆಚೆ ತಳಿ ಅನ್ನುವ ಊರಿನ ಕಡೆಯವಳು ನಾನು. ತಮಿಳುನಾಡಾದರೂ ನಮ್ಮ ಮನೆಮಾತು ಕನ್ನಡ. ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್‌ಗಳ ತುಂಬ 'ತಾಜ್ ಮಹಲ್' ಅನ್ನುವ ಕೆಂಪು ಗುಲಾಬಿ ಬೆಳೆಯುತ್ತಾರೆ. ಡಿಸೆಂಬರ್ ಮಧ್ಯದಲ್ಲಿ ಗಿಡ ಕತ್ತರಿಸಿದರೆ ಸುಮಾರು 45 ದಿನಕ್ಕೆ, ಜನವರಿ ಕೊನೆಗೆ, ಹೂ ಕೊಯ್ಲಿಗೆ ಬರುತ್ತದೆ. ಮೊಗ್ಗು ಬೇಗ ಅರಳದಿರಲಿ ಅಂತ ಒಂದೊಂದಕ್ಕೂ ಬಲೆಯ ಟೋಪಿ ಹಾಕಬೇಕು. ಕೊಯ್ದು, ಕಾಂಡದ ಉದ್ದ ನೋಡಿ ಬೇರೆ ಮಾಡಿ, 20ರ ಕಟ್ಟು ಕಟ್ಟಿ ಕೋಲ್ಡ್ ರೂಮಿಗೆ. ಅಲ್ಲಿಂದ ಬೆಂಗಳೂರು ವಿಮಾನ ನಿಲ್ದಾಣ, ಆಮೇಲೆ ಮಲೇಷ್ಯಾ, ಸಿಂಗಾಪುರ, ಆಸ್ಟ್ರೇಲಿಯಾ.

ಆ ದಿನಗಳಲ್ಲಿ ಅಮ್ಮನಿಗೆ ರಜೆಯೇ ಇರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದಳು. ರಾತ್ರಿ ದೀಪದ ಕೆಳಗೆ ಕೂತು ಸೂಜಿಯಿಂದ ಬೆರಳಿನ ಮುಳ್ಳು ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕಾಂಡ ಮುರಿದ ಹೂ ಸಿಕ್ಕರೆ ಮನೆಗೆ ತರುತ್ತಿದ್ದಳು, ಅದು ದೇವರ ಫೋಟೋಗೆ.

ರಾತ್ರಿ ಫೋನಿನಲ್ಲಿ ಮಗಳೇ ಅಜ್ಜಿಯನ್ನು ಕೇಳಿಬಿಟ್ಟಳು. ಅಮ್ಮ ನಕ್ಕಳು. 'ನಿಮ್ಮ ತಾತ ಸಂತೆಯಿಂದ ಕನಕಾಂಬರ ತರ್ತಿದ್ರು ಕಣೆ. ಕೈಗೆ ಕೊಡ್ತಿರ್ಲಿಲ್ಲ, ತರಕಾರಿ ಚೀಲದ ಮೇಲೆ ಇಟ್ಟು ಹೋಗ್ತಿದ್ರು.' ಇಷ್ಟು ವರ್ಷ ನನಗೆ ಹೇಳದ ಮಾತು ಮೊಮ್ಮಗಳಿಗೆ ಎಷ್ಟು ಸಲೀಸಾಗಿ ಹೇಳಿದಳು! ನನಗೆ ಗಂಟಲು ಕಟ್ಟಿತು.

ಆಮೇಲೆ ಅಮ್ಮನೇ ಆ ಹುಡುಗಿಯ ವಿಷಯ ಎತ್ತಿದಳು. ಅಮ್ಮನ ಜೊತೆ ಕೆಲಸಕ್ಕೆ ಬರುತ್ತಿದ್ದವಳು, ನನಗಿಂತ ಸ್ವಲ್ಪ ದೊಡ್ಡವಳು, ಕೈಚುರುಕು ಅಂದರೆ ಹಾಗೆ. ಪ್ಯಾಕಿಂಗ್ ಶೆಡ್ಡಿನ ಹುಡುಗನೊಬ್ಬ ಅವಳಿಗೆ ಒಂದು ಗುಲಾಬಿ ಕೊಟ್ಟ, ಅವಳು ಅದನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದಳು, ಅಷ್ಟೇ ಆಗಿದ್ದು. ಮನೆಯವರು ಹುಡುಗ ಎಂಥವನು ಅಂತ ಕೇಳಲಿಲ್ಲ, ಯಾವ ಜಾತಿ ಅಂತ ಕೇಳಿದರು. ಮಾರನೆಯ ದಿನದಿಂದ ಕೆಲಸ ಬಂದ್. ಯುಗಾದಿಯೊಳಗೆ ಬೇರೆ ಕಡೆ ಮದುವೆ ಮಾಡಿ ಕಳಿಸಿದರು. ದೇಶ ದೇಶದ ಪ್ರೇಮಿಗಳಿಗೆ ಹೂ ಕಳಿಸುವ ಊರಿದು. ನಮ್ಮದೇ ಹುಡುಗಿ ಒಂದು ಹೂ ತಂದಿದ್ದನ್ನು ಸಹಿಸಲಿಲ್ಲವಲ್ಲ ಅಂತ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಊರು ಅಂದರೆ ನನಗೆ ಪ್ರಾಣ, ಆದರೆ ಈ ವಿಷಯದಲ್ಲಿ ಊರಿನ ಪರ ಮಾತಾಡೋಕೆ ನನ್ನಿಂದ ಆಗುವುದಿಲ್ಲ.

ಈಗ ಅವಳ ಮಗಳು ಹೊಸೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಳಂತೆ. ಮೊನ್ನೆ ಜಾತ್ರೆಯಲ್ಲಿ ಅಮ್ಮನಿಗೆ ಇಬ್ಬರೂ ಸಿಕ್ಕಿದ್ದರು. 'ನಾಳೆ ಇವಳು ಯಾರನ್ನಾದ್ರೂ ಇಷ್ಟಪಟ್ಟೆ ಅಂದ್ರೆ ಮೊದಲು ಕೂರಿಸಿ ಕೇಳು, ನಿಂಗೆ ಮಾಡಿದ ಹಾಗೆ ಮಾಡ್ಬೇಡ ಅಂತ ಹೇಳಿದೀನಿ' ಅಂದಳು ಅಮ್ಮ. ಅದಕ್ಕೆ ಅವಳು, 'ನಾನು ಆಗಲೇ ಇವಳನ್ನ ಕೂರಿಸಿ ಕೇಳಿದ್ದೀನಿ ಅಕ್ಕ' ಅಂದಳಂತೆ.