ಮೊದಲು ಮಡಿಸಿ, ಆಮೇಲೆ ಬರೆಯಿರಿ

ಫ್ಯಾಷನ್ ವಿನ್ಯಾಸದ ಕೊನೆಯ ವರ್ಷದಲ್ಲಿ ಮೇಡಂ ನಮ್ಮ ತರಗತಿಗೆ ಒಂದು ವಿಚಿತ್ರ ನಿಯಮ ಹಾಕಿದರು. ಪದವಿ ಪ್ರದರ್ಶನದ ಉಡುಪುಗಳಿಗೆ ಯಾರೂ ಮೊದಲೇ ಚಿತ್ರ ಬರೆಯುವಂತಿಲ್ಲ. ಕಾಗದ ಮಡಿಸುತ್ತಾ ಸಿಕ್ಕ ರೂಪದಿಂದಲೇ ಇಡೀ ಸಂಗ್ರಹ ಹುಟ್ಟಬೇಕು. ಚಿತ್ರ ಬರೆಯುವುದರಲ್ಲಿ ಅಷ್ಟಿಷ್ಟು ಹೆಸರು ಮಾಡಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಪತ್ರಿಕೆಯ ಕಾಗದದಲ್ಲಿ ಮಡಿಕೆ ನಿಲ್ಲಲಿಲ್ಲ, ಡ್ರಾಯಿಂಗ್ ಹಾಳೆ ಮಡಿಕೆಯ ಗೆರೆಯಲ್ಲೇ ಬಿರಿಯಿತು. ಕೊನೆಗೆ ಕೈಹಿಡಿದದ್ದು ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕುವ ಖಾಕಿ ಕಾಗದ. ಸ್ಟೀಲ್ ಪಟ್ಟಿಯ ಅಂಚಿಗೆ ಶಾಯಿ ಮುಗಿದ ಬಾಲ್‌ಪೆನ್ ಒತ್ತಿ ಗೀರು ಎಳೆದರೆ ಸಾಕು, ಹಾಳೆ ತಾನಾಗಿಯೇ ಅಲ್ಲಿ ಬಾಗುತ್ತಿತ್ತು.

ನಾನು ಆರಿಸಿಕೊಂಡದ್ದು ಜಪಾನಿನ ಖಭೌತ ವಿಜ್ಞಾನಿ ಕೋರ್ಯೋ ಮಿಯುರಾ ರೂಪಿಸಿದ ಮಡಿಕೆ. ಓರೆಯಾದ ಚತುರ್ಭುಜಗಳು ಸಾಲುಸಾಲಾಗಿ ಏರಿಳಿಯುವ ಈ ಹಾಳೆಯ ಎದುರುಬದುರು ಮೂಲೆಗಳನ್ನು ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಜಪಾನಿನ ಉಪಗ್ರಹವೊಂದರ ಸೌರಫಲಕವನ್ನು ಬಾಹ್ಯಾಕಾಶದಲ್ಲಿ ಹೀಗೆಯೇ ಬಿಡಿಸಿ ನೋಡಿದ್ದರು. ಆದರೆ ಉಪಗ್ರಹಕ್ಕೆ ಸೊಂಟವಿಲ್ಲವಲ್ಲ! ಹಾರ್ಮೋನಿಯಂ ತಿದಿಯಂಥ ನೇರ ನೆರಿಗೆ ಅಗಲದಲ್ಲಿ ಮಾತ್ರ ಕುಗ್ಗುತ್ತದೆ. ಮಿಯುರಾ ಮಡಿಕೆ ಅಗಲದ ಜೊತೆಗೆ ಉದ್ದದಲ್ಲೂ ಕುಗ್ಗುತ್ತದೆ. ಲಂಗವನ್ನು ಸೊಂಟಕ್ಕೆ ಬಿಗಿ ಮಾಡಿದೊಡನೆ ಅಂಚು ಮೊಣಕಾಲಿಗೇರಿತು. ಅದೇ ಮಡಿಕೆ ತೋಳಿಗೆ, ಅದರಲ್ಲೂ ಮೊಣಕೈಗೆ, ಹೇಳಿ ಮಾಡಿಸಿದಂತಿತ್ತು: ಕೈ ಮಡಚಿದರೆ ಹಿಗ್ಗುವುದು, ಚಾಚಿದರೆ ಮುದುಡುವುದು. ನನ್ನ ಸಂಗ್ರಹವೆಲ್ಲ ಭುಜ ಮತ್ತು ತೋಳಿನ ಸುತ್ತಲೇ ಬೆಳೆದದ್ದು ಹೀಗೆ. ಚಿತ್ರ ಬರೆದಿದ್ದರೆ ಖಂಡಿತ ಲಂಗವನ್ನೇ ಬರೆಯುತ್ತಿದ್ದೆ.

ಬಟ್ಟೆಗೆ ಮಡಿಕೆ ಕಲಿಸುವುದು ಬೇರೆಯೇ ಕೆಲಸ. ಒಂದೇ ಅಳತೆಯ ಎರಡು ಕಾಗದದ ಅಚ್ಚುಗಳ ನಡುವೆ ಬಟ್ಟೆ ಹರಡಿ, ಮೂರನ್ನೂ ಒಟ್ಟಿಗೆ ಮುದುಡಿ, ದಾರ ಸುತ್ತಿ ಹಬೆಗೆ ಇಡಬೇಕು. ತುಂಡುಗಳನ್ನು ಹಾಸ್ಟೆಲ್ಲಿನ ಇಡ್ಲಿ ಪಾತ್ರೆಯಲ್ಲೇ ಬೇಯಿಸಿದೆವು. ಅಡುಗೆಯವರಿಗೆ ಇದು ಗೊತ್ತಾದ ದಿನದ ಕಥೆ ಇಲ್ಲಿ ಬೇಡ. ಪೂರ್ತಿ ತಣ್ಣಗಾಗುವ ಮೊದಲೇ ಬಿಚ್ಚಿದರೆ ನೆರಿಗೆ ಸಡಿಲ.

1912ರಿಂದ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಇರುವ ಊರಿನಲ್ಲಿ ಪಾಲಿಯೆಸ್ಟರ್ ಹಿಡಿದು ಕೂತರೆ ಅಮ್ಮ ಸುಮ್ಮನಿರುತ್ತಾರೆಯೇ? "ಮೈಸೂರಿನಲ್ಲಿದ್ದುಕೊಂಡು ಇದೇನೇ ನಿನ್ನ ಹಣೆಬರಹ" ಎಂದರು. ಆದರೆ ಕಾಯಿಸಿದರೆ ಮೆದುವಾಗಿ, ಆರಿದಾಗ ಹೊಸ ಆಕಾರವನ್ನೇ ಹಿಡಿದು ನಿಲ್ಲುವುದು ಪಾಲಿಯೆಸ್ಟರಿನ ಗುಣ. ಹುರಿ ಹಾಕಿದ ನೂಲಿನ ಮೈಸೂರು ಕ್ರೇಪ್ ರೇಷ್ಮೆಯ ಸೊಗಸಿರುವುದೇ ಇಳಿಬೀಳುವುದರಲ್ಲಿ. ಒಮ್ಮೆ ನೀರು ಸೋಕಿದರೆ ನೆರಿಗೆ ಮಾಯ. ಹಾಗಾಗಿ ತೋಳಿಗೆ ಪಾಲಿಯೆಸ್ಟರ್, ಮೈಭಾಗಕ್ಕೆ ರೇಷ್ಮೆ ಎಂದು ರಾಜಿಯಾಯಿತು. ಜಪಾನಿನ ಫ್ಯಾಷನ್ ವಿನ್ಯಾಸಕ ಇಸ್ಸೆ ಮಿಯಾಕೆ 1993ರಲ್ಲಿ ಹೊರತಂದ ನೆರಿಗೆ ಉಡುಪುಗಳನ್ನು ಎರಡೂವರೆ–ಮೂರು ಪಟ್ಟು ದೊಡ್ಡದಾಗಿ ಹೊಲಿದು ಆಮೇಲೆ ನೆರಿಗೆ ಹಾಕುತ್ತಾರೆ ಎಂದು ಪಾಠದಲ್ಲಿ ಕೇಳಿದ್ದೆವು. ನಮ್ಮ ಪಾತ್ರೆಗೆ ಅಷ್ಟು ದೊಡ್ಡದು ಹಿಡಿಸುವಂತಿರಲಿಲ್ಲ. ಮಡಿಸಿದ ಮೇಲೆಯೇ ಹೊಲಿದೆವು.

ಹೊಲಿಯಲು ನೆರವಾದವರು ಅಶೋಕ ರಸ್ತೆಯ ಕಡೆಯ ವಯಸ್ಸಾದ ಟೈಲರ್ ಒಬ್ಬರು. ತೋಳನ್ನು ಎಳೆದು, ಬಿಟ್ಟು, ಮತ್ತೆ ಎಳೆದು, "ಇದಕ್ಕೆ ಅಳತೆ ಎಲ್ಲಿಂದ ಹಿಡಿಯಲಮ್ಮಾ?" ಎಂದು ನಕ್ಕರು. ಆಮೇಲೆ ಭುಜ ಕೂಡುವ ಕಡೆ ಒಳಗಿನಿಂದ ಹತ್ತಿಯ ಪಟ್ಟಿ ಕೊಟ್ಟು ಅಲ್ಲಿ ಮಾತ್ರ ಅಲುಗದಂತೆ ಮಾಡಿದರು. ನಮ್ಮ ಪುಸ್ತಕಗಳಲ್ಲಿ ಆ ಉಪಾಯ ನನಗೆಲ್ಲೂ ಸಿಕ್ಕಿರಲಿಲ್ಲ.

ಪ್ರದರ್ಶನ ಚೆನ್ನಾಗಿಯೇ ನಡೆಯಿತು. ಅದು ಮುಗಿದ ಮೇಲೆ ಮೇಡಂ ಚಿತ್ರ ಬರೆಯಲು ಅನುಮತಿ ಕೊಟ್ಟರು, ಜಲವರ್ಣದಲ್ಲಿ ಆಸೆ ತೀರುವಷ್ಟು ಬರೆದೆ. ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ಆ ಪುಟಗಳನ್ನು ಸರಸರನೆ ತಿರುವಿಹಾಕಿ, ಖಾಕಿ ಕಾಗದದ ಅಚ್ಚನ್ನು ಕೈಗೆತ್ತಿಕೊಂಡು ಎಳೆದೆಳೆದು ನೋಡುತ್ತಿದ್ದರು.