ಪಾಲಿಟೆಕ್ನಿಕ್ ಮಕ್ಕಳ ಫ್ರೀಕ್ಯಾಡ್ ಬಳಗ: ಇಲ್ಲಿಯವರೆಗಿನ ಕೆಲಸ

ತುಮಕೂರು ಕಡೆಯ ಒಂದು ಪಾಲಿಟೆಕ್ನಿಕ್‌ನ ಮೆಕ್ಯಾನಿಕಲ್ ಡಿಪ್ಲೊಮಾ ಮಕ್ಕಳು ತಾವೇ ಸೇರಿ ಫ್ರೀಕ್ಯಾಡ್ ಬಳಗ ಕಟ್ಟಿಕೊಂಡಿದ್ದಾರೆ. ಫ್ರೀಕ್ಯಾಡ್ ಅಂದರೆ ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ 3ಡಿ ಆಗಿ ಬಿಡಿಸುವ ಸಾಫ್ಟ್‌ವೇರ್. ನಾನು ಪೀಣ್ಯದ ಟೂಲ್ ರೂಮ್ ಒಂದರಲ್ಲಿ ಡಿಸೈನ್ ಕೆಲಸ ಮಾಡುವವನು. ಬಿಡುವಿದ್ದ ಶನಿವಾರ ಅಲ್ಲಿಗೆ ಹೋಗಿ ಅವರ ಜೊತೆ ಕೂರುತ್ತೇನೆ. ಬಳಗ ಈಗ ತನ್ನ ಕಾಲ ಮೇಲೆ ನಿಲ್ಲುವ ಹಂತಕ್ಕೆ ಬಂದಿದೆ. ಹಾಗಾಗಿ ಈವರೆಗೆ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ. ಬೇರೆ ಕಾಲೇಜಿನವರಿಗೂ ಉಪಯೋಗಕ್ಕೆ ಬರಬಹುದು.

ಫ್ರೀಕ್ಯಾಡೇ ಯಾಕೆ ಅಂತ ಕೇಳುವವರು ಜಾಸ್ತಿ. ದುಬಾರಿ ಸಾಫ್ಟ್‌ವೇರ್‌ಗಳಿಗೂ ವಿದ್ಯಾರ್ಥಿ ಲೈಸೆನ್ಸ್ ಸಿಗುತ್ತದೆ, ನಿಜ. ಆದರೆ ಓದು ಮುಗಿದ ಮೇಲೆ ಅದು ನಿಂತುಹೋಗುತ್ತದೆ. ಅದರಲ್ಲಿ ಮಾಡಿದ ಡ್ರಾಯಿಂಗ್ ಇಟ್ಟುಕೊಂಡು ದುಡಿಯುವ ಹಾಗೂ ಇಲ್ಲ. ಊರಿನಲ್ಲೇ ಒಂದು ಲೇತ್ ಹಾಕಿಕೊಂಡು ಸಣ್ಣ ವರ್ಕ್‌ಶಾಪ್ ತೆರೆಯಬೇಕು ಅನ್ನುವ ಹುಡುಗರು ಈ ಬಳಗದಲ್ಲಿದ್ದಾರೆ. ಅವರ ಕೈಯಲ್ಲಿ ಕೊನೆಯವರೆಗೂ ಉಳಿಯುವ ಸಾಧನ ಬೇಕು. ಫ್ರೀಕ್ಯಾಡ್ 2002ರಿಂದ ಇದೆ, ಉಚಿತ, ಅದರಲ್ಲಿ ಮಾಡಿದ ಕೆಲಸವನ್ನು ಮಾರಿದರೂ ಯಾರೂ ಕೇಳುವುದಿಲ್ಲ.

ಮೊದಲ ತಲೆನೋವು ವರ್ಷನ್‌ದು. ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ಉಬುಂಟು 22.04 ಇದೆ. ಅದರ ಜೊತೆ ಬರುವುದು ಫ್ರೀಕ್ಯಾಡ್ 0.19. ಕೆಲವರ ಲ್ಯಾಪ್‌ಟಾಪ್‌ನಲ್ಲಿ 0.21, ಇನ್ನು ಕೆಲವರದ್ದು 1.0. ಮನೆಯಲ್ಲಿ ಮಾಡಿದ ಫೈಲ್ ಲ್ಯಾಬ್‌ನಲ್ಲಿ ತೆರೆದರೆ ಟ್ರೀ (ಮಾಡಿದ ಹಂತಗಳ ಪಟ್ಟಿ) ತುಂಬಾ ಕೆಂಪು ಗುರುತು. ಎಲ್ಲರೂ 1.0ಕ್ಕೆ ಬರಲೇಬೇಕು ಅಂತ ತೀರ್ಮಾನ ಮಾಡಿದೆವು. ಲ್ಯಾಬ್‌ನಲ್ಲಿ ಇನ್‌ಸ್ಟಾಲ್ ಮಾಡಲು ಪಾಸ್‌ವರ್ಡ್ ಬೇಕಿತ್ತು, ಅದಕ್ಕೆ ಆಪ್‌ಇಮೇಜ್ ಬಳಸಿದೆವು. ಅದು ಒಂದೇ ಫೈಲ್. ಅದಕ್ಕೆ ರನ್ ಆಗುವ ಅನುಮತಿ ಕೊಟ್ಟು ಡಬಲ್ ಕ್ಲಿಕ್ ಮಾಡಿದರೆ ಸಾಕು. ವಿಂಡೋಸ್‌ನವರಿಗೆ ಇನ್‌ಸ್ಟಾಲ್ ಮಾಡದೆ ಓಡುವ ಪೋರ್ಟಬಲ್ ಕಟ್ಟು ಇದೆ. ಎರಡನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಬಳಗದ ಹತ್ತಿರವೇ ಬಿಟ್ಟಿದ್ದೇನೆ.

1.0ಕ್ಕೆ ಪಟ್ಟು ಹಿಡಿದದ್ದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಹಳೆಯ ಫ್ರೀಕ್ಯಾಡ್ ಒಂದು ಘನದ ಮುಖ, ಅಂಚುಗಳಿಗೆ ಬರೀ ನಂಬರ್ ಕೊಟ್ಟು ನೆನಪಿಟ್ಟುಕೊಳ್ಳುತ್ತಿತ್ತು. ರೇಷನ್ ಅಂಗಡಿ ಸಾಲಿನಲ್ಲಿ ಆರನೆಯವನು ಅಂತ ಗುರುತಿಟ್ಟುಕೊಂಡ ಹಾಗೆ. ನಡುವೆ ಒಬ್ಬ ಬಂದು ಸೇರಿದರೆ ಆರನೆಯವನು ಬೇರೆಯವನಾಗುತ್ತಾನೆ, ಅಲ್ವಾ? ಹಾಗೇ ಮೊದಲ ಸ್ಕೆಚ್‌ನಲ್ಲಿ (ಘನಕ್ಕೆ ಆಧಾರವಾದ ಚಪ್ಪಟೆ ಚಿತ್ರ) ಒಂದು ತೂತು ಸೇರಿಸಿದರೆ, ಆಮೇಲೆ ಹಾಕಿದ್ದ ಫಿಲೆಟ್ (ಅಂಚನ್ನು ದುಂಡಗೆ ಮಾಡುವುದು) ಇನ್ಯಾವುದೋ ಅಂಚಿಗೆ ಹೋಗಿ ಕೂರುತ್ತಿತ್ತು. 2024ರ ನವೆಂಬರ್‌ನಲ್ಲಿ ಬಂದ 1.0 ಈ ತೊಂದರೆಯನ್ನು ಬಹಳಷ್ಟು ಕಡಿಮೆ ಮಾಡಿದೆ. ಪೂರ್ತಿ ಹೋಗಿಲ್ಲ. ಅದಕ್ಕೇ ಎರಡು ಅಭ್ಯಾಸ ಈಗಲೇ ಮಾಡಿಸುತ್ತಿದ್ದೇನೆ: ಸ್ಕೆಚ್ಚನ್ನು ಆದಷ್ಟು ಮೂಲ ಪ್ಲೇನ್‌ಗಳ (ಫ್ರೀಕ್ಯಾಡ್ ತಾನೇ ಕೊಡುವ ಸಮತಲಗಳು) ಮೇಲೆ ಕೂರಿಸುವುದು, ಫಿಲೆಟ್ ಮತ್ತು ಚ್ಯಾಂಫರ್ (ಅಂಚನ್ನು ಓರೆಯಾಗಿ ಕತ್ತರಿಸುವುದು) ಕೊನೆಗೆ ಹಾಕುವುದು.

ಬಳಗಕ್ಕೆ ಜೀವ ಬಂದದ್ದು ಮಾತ್ರ ಒಂದು ಫ್ಯಾನ್ ರೆಗ್ಯುಲೇಟರ್ ನಾಬ್‌ನಿಂದ. ಪುಸ್ತಕದ ಅಭ್ಯಾಸ ಬೇಡ, ಮನೆಯಲ್ಲಿ ಮುರಿದದ್ದು ಏನಾದರೂ ತನ್ನಿ ಅಂದಿದ್ದೆ. ಎರಡನೇ ವರ್ಷದ ಹುಡುಗಿಯೊಬ್ಬಳು ಒಡೆದ ನಾಬ್ ತಂದಳು, ಜೊತೆಗೆ ಅದು ಕೂರುವ ಕಡ್ಡಿಯ ಅಳತೆ ಬರೆದ ಚೀಟಿ. ಕಡ್ಡಿ 6 ಎಂಎಂ ದಪ್ಪ, ಒಂದು ಕಡೆ ಚಪ್ಪಟೆ. ಚಪ್ಪಟೆ ಮುಖದಿಂದ ಎದುರಿನ ದುಂಡಿಗೆ 4.5 ಎಂಎಂ. ವರ್ನಿಯರ್ ಹಿಡಿದು ತಾನೇ ಅಳೆದಿದ್ದಳು.

ಸ್ಕೆಚ್ ಅಂದರೆ ಒಂದು ಕಮಾನು, ಒಂದು ಗೆರೆ, ಅಷ್ಟೇ. ತುದಿಗಳನ್ನು ಕೂಡಿಸಿದಳು. ಕಮಾನಿನ ಕೇಂದ್ರವನ್ನು ಮೂಲಬಿಂದುವಿಗೆ ಕಟ್ಟಿದಳು. ತ್ರಿಜ್ಯ 3, ಕೇಂದ್ರದಿಂದ ಗೆರೆಗೆ ದೂರ 1.5 ಅಂತ ಕೊಟ್ಟಳು. ಅಲುಗಾಡುವ ಅವಕಾಶ (ಡಿಗ್ರಿ ಆಫ್ ಫ್ರೀಡಮ್) ಒಂದೂ ಉಳಿಯದಿದ್ದರೆ ಗೆರೆ ಹಸಿರಾಗುತ್ತದೆ. ಇನ್ನೂ ಹಸಿರಾಗಲಿಲ್ಲ. ‘ಸರ್, ಇನ್ನೊಂದು ಡಿಗ್ರಿ ಆಫ್ ಫ್ರೀಡಮ್ ಉಳಿದಿದೆ ಅಂತಿದೆ. ಯಾವುದು ಅಂತ ಗೊತ್ತಾಗ್ತಿಲ್ಲ.’

‘ಗೆರೆ ಹಿಡಿದು ಎಳೆದು ನೋಡಮ್ಮ’ ಅಂದೆ.

ಎಳೆದಳು. ಆಕಾರ ಒಂಚೂರೂ ಬದಲಾಗದೆ ಇಡೀ ಡಿ ಆಕಾರ ಕೇಂದ್ರದ ಸುತ್ತ ತಿರುಗಿತು. ಪಕ್ಕದಲ್ಲಿ ಕೂತಿದ್ದವನೇ ‘ಹಾರಿಜಾಂಟಲ್ ಕೊಡೇ’ ಅಂತ ಕೂಗಿದ. ಗೆರೆ ಅಡ್ಡಕ್ಕೇ ಇರಲಿ ಅಂತ ಕೊಟ್ಟಳು, ಹಸಿರಾಯಿತು. ಕನ್‌ಸ್ಟ್ರೇಂಟ್ (ಹೀಗೆ ಹಾಕುವ ಕಟ್ಟುಪಾಡು) ಅಂದರೆ ಏನು ಅಂತ ಬೋರ್ಡಿನ ಮೇಲೆ ಗಂಟೆಗಟ್ಟಲೆ ಹೇಳಿದ್ದರೂ ಇಷ್ಟು ಚೆನ್ನಾಗಿ ತಲೆಗೆ ಹೋಗುತ್ತಿರಲಿಲ್ಲ. ಈಗ ಯಾರದ್ದೇ ಸ್ಕೆಚ್ ಹಸಿರಾಗದಿದ್ದರೂ ಎಲ್ಲರೂ ಮೊದಲು ಮೌಸ್‌ನಲ್ಲಿ ಎಳೆದು ನೋಡುತ್ತಾರೆ.

ಲ್ಯಾಬ್‌ನ 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ ಹಾಕಿ ತೆಗೆದಾಗ ನಾಬ್ ಕಡ್ಡಿಯ ಮೇಲೆ ಕೂರಲಿಲ್ಲ. ಇಂಥ ಪ್ರಿಂಟರ್‌ನಲ್ಲಿ ತೂತು ಬರೆದದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಬರುತ್ತದೆ. ಕ್ಲಿಯರೆನ್ಸ್, ಅಂದರೆ ಸ್ವಲ್ಪ ಸಡಿಲ ಜಾಗ, ಬೇಕು. ಎಷ್ಟು ಅನ್ನುವುದು ಪ್ರಿಂಟರ್‌ಗೆ ತಕ್ಕ ಹಾಗೆ ಬದಲಾಗುತ್ತದೆ. ಇಲ್ಲಿ ಫ್ರೀಕ್ಯಾಡ್‌ನೊಳಗಿನ ಸ್ಪ್ರೆಡ್‌ಶೀಟ್ ತೋರಿಸಿದೆ. ಒಂದು ಸೆಲ್‌ಗೆ ಕ್ಲಿಯರೆನ್ಸ್ ಅಂತ ಏಲಿಯಾಸ್ (ಕರೆಯುವ ಹೆಸರು) ಕೊಟ್ಟು, ಸ್ಕೆಚ್‌ನ ಎರಡೂ ಅಳತೆಗೆ ಅದರ ಅರ್ಧ ಸೇರಿಸಿದರು. ಈಗ ಆ ಒಂದು ಸೆಲ್ ಬದಲಾಯಿಸಿದರೆ ತೂತು ತಾನಾಗಿ ಸರಿಹೋಗುತ್ತದೆ. 0.2 ಬಿಗಿಯಾಯಿತು, 0.3ಕ್ಕೆ ನಾಬ್ ಸರಿಯಾಗಿ ಕೂತಿತು. ನಾಬ್ ಈಗ ಅವರ ಮನೆ ಹಾಲ್‌ನಲ್ಲಿ ಕೆಲಸ ಮಾಡುತ್ತಿದೆ. ಫೋಟೊ ಬಂದ ಮೇಲೆ ಬಳಗಕ್ಕೆ ಸೇರುವವರು ಜಾಸ್ತಿಯಾದರು.

ಪ್ರಶ್ನೆಗಳಿಗೆ ಉತ್ತರಿಸುವ ರೀತಿಯನ್ನೂ ಸ್ವಲ್ಪ ಗಟ್ಟಿ ಮಾಡಿದ್ದೇವೆ. ‘ಸರ್ ಬರ್ತಿಲ್ಲ’ ಅಂತ ಸುಮ್ನೆ ಮೊಬೈಲ್‌ನಲ್ಲಿ ಸ್ಕ್ರೀನ್ ಫೋಟೊ ತೆಗೆದು ಕಳಿಸಿದರೆ ಯಾರಿಗೂ ಏನೂ ತಿಳಿಯದು. ಈಗ ಕೇಳುವವರು ಫೈಲನ್ನೇ ಹಾಕಬೇಕು. ಅಬೌಟ್ ಕಿಟಕಿಯಿಂದ ವರ್ಷನ್ ವಿವರ ಕಾಪಿ ಮಾಡಿ ಹಾಕಬೇಕು. ಫ್ರೀಕ್ಯಾಡ್ ತಪ್ಪುಗಳನ್ನು ತೋರಿಸುವ ರಿಪೋರ್ಟ್ ವ್ಯೂನಲ್ಲಿ ಕೆಂಪು ಸಾಲು ಬಂದಿದ್ದರೆ ಅದೂ ಬೇಕು. ಮೊದಲ ಉತ್ತರ ನಾನು ಕೊಡುವುದಿಲ್ಲ. ಬಳಗದಲ್ಲೇ ಯಾರಾದರೂ ಕೊಡಬೇಕು, ತಪ್ಪಾದರೂ ಪರವಾಗಿಲ್ಲ. ಒಂದು ದಿನ ಬಿಟ್ಟು ನಾನು ನೋಡುತ್ತೇನೆ. ನಾನು ಹೇಳಿದ್ದಕ್ಕಿಂತ ಸಲೀಸಾದ ದಾರಿ ಅವರೇ ಹುಡುಕಿದ್ದೂ ಇದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವುದು ಅದೇ. ಕೊನೆಯ ವರ್ಷದವರು ಹೊರಟುಹೋದ ಮೇಲೂ ಬಳಗ ನಡೆಯಬೇಕಾದರೆ ಉತ್ತರ ಹೇಳುವವರು ಎರಡನೇ ವರ್ಷದಲ್ಲೇ ತಯಾರಾಗಬೇಕು.

ಇನ್ನು ಮುಂದಿನದ್ದು ಟೆಕ್‌ಡ್ರಾ, ಅಂದರೆ 3ಡಿ ಮಾದರಿಯಿಂದ ಡ್ರಾಯಿಂಗ್ ಹಾಳೆ ತೆಗೆಯುವ ಫ್ರೀಕ್ಯಾಡ್ ಭಾಗ. ವರ್ಕ್‌ಶಾಪ್‌ನಲ್ಲಿ ಲೇತ್ ಮುಂದೆ ನಿಂತವರಿಗೆ ಬೇಕಾಗಿರುವುದು ಅಳತೆ ಬರೆದ ಹಾಳೆ. ಇಲ್ಲಿನ ಪಾಠದಂತೆ ಫಸ್ಟ್ ಆಂಗಲ್ ಪ್ರೊಜೆಕ್ಷನ್‌ನಲ್ಲೇ (ಮೇಲಿನ ನೋಟವನ್ನು ಮುಂದಿನ ನೋಟದ ಕೆಳಗೆ ಹಾಕುವ ಪದ್ಧತಿ) ಹಾಕಿಸುತ್ತೇನೆ. ಟೆಕ್‌ಡ್ರಾ ಟೆಂಪ್ಲೇಟ್ ಬರೀ ಒಂದು ಎಸ್‌ವಿಜಿ ಚಿತ್ರದ ಫೈಲ್, ಹಾಗಾಗಿ ಬಳಗದ್ದೇ ಟೈಟಲ್ ಬ್ಲಾಕ್ (ಹಾಳೆಯ ಮೂಲೆಯಲ್ಲಿ ಹೆಸರು, ವಿವರ ಬರೆಯುವ ಚೌಕ) ಮಾಡುವ ಕೆಲಸ ಇಬ್ಬರು ಹುಡುಗರು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಹಿಡಿದಿದ್ದಾರೆ. ಅದು ಆದ ಮೇಲೆ ಬೆಂಚ್ ವೈಸ್‌ನ (ವಸ್ತುವನ್ನು ಬಿಗಿಯಾಗಿ ಹಿಡಿಯುವ ಸಾಧನ) ಬಿಡಿ ಭಾಗಗಳನ್ನು ಹಂಚಿಕೊಂಡು ಮಾಡಿ, 1.0ರಲ್ಲಿ ಹೊಸದಾಗಿ ಬಂದ ಅಸೆಂಬ್ಲಿ ವರ್ಕ್‌ಬೆಂಚ್‌ನಲ್ಲಿ ಜೋಡಿಸುವುದು. ಸ್ಕ್ರೂ ಯಾರು ಮಾಡುವುದು ಅಂತ ಈಗಲೇ ಜಗಳ ನಡೆದಿದೆ.