ಎರಡು ಚೀಟಿ, ಒಂದೇ ಒಕ್ಕಣೆ

ಶಾಲೆಯ ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ಈಗಿನ ಹೆಡ್ಮೇಡಂ ಫೋನ್ ಮಾಡಿದಾಗ ನನಗೆ ಮೊದಲು ನೆನಪಾಗಿದ್ದು ಪ್ರಾರ್ಥನೆಯ ಗಂಟೆಯಲ್ಲ, ಮಧ್ಯಾಹ್ನದ ಉಪ್ಪಿಟ್ಟೂ ಅಲ್ಲ. ಬರ್ಮಾ ದೇಶದ ಒಬ್ಬ ಹೆಡ್ಮಾಸ್ಟರು. ಅವರನ್ನು ನಮಗೆ ತಂದು ಕೊಟ್ಟವರು ನಮ್ಮ ಸಮಾಜ ಮೇಷ್ಟ್ರು.

1984. ನಾನು ಒಂಬತ್ತನೇ ಕ್ಲಾಸು. ಅಕ್ಟೋಬರ್ 24, ವಿಶ್ವಸಂಸ್ಥೆ ದಿನ. ಬೇರೆ ಮೇಷ್ಟ್ರುಗಳಾಗಿದ್ದರೆ ಸುಮ್ನೆ ನಾಲ್ಕು ಸಾಲು ನೋಟ್ಸ್ ಬರೆಸಿ ಬಿಡುತ್ತಿದ್ದರು. ಇವರು ಬೋರ್ಡಿನ ಮೇಲೆ 'ಊ ಥಾಂಟ್' ಅಂತ ಬರೆದು, ಕೈಗೆ ಅಂಟಿದ ಚಾಕ್‌ಪುಡಿ ಕೊಡವಿ, "ಯಾರಿವರು?" ಅಂದರು. ಹಿಂದಿನ ಬೆಂಚಿನವನೊಬ್ಬ ಎದ್ದು, "ಸಾರ್, ಗೈಡ್‌ನಲ್ಲಿ ಯು. ಥಾಂಟ್ ಅಂತಿದೆ. ಯು ಅಂದ್ರೆ ಉಡುಪಿನಾ?" ಅಂದ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಬರ್ಮಾದಲ್ಲಿ ನಮ್ಮ ಹಾಗೆ ಇನಿಶಿಯಲ್ ಇಲ್ಲ, ಮನೆತನದ ಹೆಸರೂ ಇಲ್ಲ, 'ಊ' ಅಂದರೆ ದೊಡ್ಡವರನ್ನು ಗೌರವದಿಂದ ಕರೆಯುವ ಮಾತು, ನಮ್ಮ 'ಶ್ರೀ' ಇದ್ದ ಹಾಗೆ ಅಂತ ಬಿಡಿಸಿ ಹೇಳಿದರು. ಹೆಸರು ಬರೀ ಥಾಂಟ್.

1909ರಲ್ಲಿ ಹುಟ್ಟಿದ್ದು, ಐರಾವತಿ ನದಿ ಕಡಲು ಸೇರುವ ಬಯಲಿನ ಪಂತನಾವ್ ಅನ್ನೋ ಸಣ್ಣ ಊರಿನಲ್ಲಿ. ಭತ್ತದ ಸೀಮೆ. ಹದಿನಾಲ್ಕನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ಆಸ್ತಿ ತಗಾದೆಯಲ್ಲಿ ಮನೆ ಇಳಿದುಹೋಯಿತು. ನಾಲ್ಕು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ರಂಗೂನಿನಲ್ಲಿ ಪೂರ್ತಿ ಡಿಗ್ರಿ ಮಾಡುವಷ್ಟು ಅನುಕೂಲ ಇರಲಿಲ್ಲ. ಎರಡು ವರ್ಷ ಓದಿ ಊರಿಗೆ ಬಂದು ಮೇಷ್ಟ್ರಾದರು. 25ನೇ ವಯಸ್ಸಿಗೆ ಅದೇ ಶಾಲೆಯ ಹೆಡ್ಮಾಸ್ಟರು.

ಇಷ್ಟು ಹೇಳುವಾಗ ನಮ್ಮ ಮೇಷ್ಟ್ರ ದನಿ ಸ್ವಲ್ಪ ಏರುತ್ತಿತ್ತು. "ಹೈಸ್ಕೂಲ್ ಮೇಷ್ಟ್ರು ಕಣ್ರೋ!" ಅನ್ನೋರು. ಏಷ್ಯಾದಿಂದ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾದ ಮೊದಲನೆಯವರು ಅನ್ನೋದಕ್ಕಿಂತ ಇದೇ ಅವರಿಗೆ ದೊಡ್ಡ ವಿಷಯ. ಯುದ್ಧದ ಕಾಲದಲ್ಲಿ ಜಪಾನಿನವರು ಬಂದು, ಶಾಲೆಗಳಲ್ಲಿ ಜಪಾನಿ ಭಾಷೆ ಕಡ್ಡಾಯ ಅಂದಾಗ ಥಾಂಟ್ ಆ ಆರ್ಡರ್ ಪಾಲಿಸಲಿಲ್ಲ ಅಂತ ಹೇಳಿ ಒಂದು ಕ್ಷಣ ಸುಮ್ಮನಾಗೋರು. ನಮಗೆ ಆಗ ಅದರ ತೂಕ ತಿಳಿಯುತ್ತಿರಲಿಲ್ಲ.

ರಾಜಕೀಯಕ್ಕೆ ಅವರನ್ನು ಎಳೆದದ್ದು ನು ಅನ್ನೋ ಗೆಳೆಯ. ಇಬ್ಬರೂ ಒಂದೇ ಶಾಲೆಯಲ್ಲಿ ಕೆಲಸ ಮಾಡಿದವರು. ದೇಶಕ್ಕೆ ಸ್ವಾತಂತ್ರ್ಯ ಬಂದು ನು ಪ್ರಧಾನಿಯಾದ ಮೇಲೆ ಥಾಂಟ್ ರಂಗೂನಿಗೆ ಹೋದರು. ರೇಡಿಯೋ ಇಲಾಖೆ ನೋಡಿಕೊಂಡರು. ಕರೆನ್ ಜನಾಂಗದ ಬಂಡುಕೋರರ ಶಿಬಿರಕ್ಕೇ ಹೋಗಿ ಸಂಧಾನಕ್ಕೆ ಕೂತರು. ಮಾತುಕತೆ ಮುರಿದುಬಿತ್ತು. 1949ರಲ್ಲಿ ಪಂತನಾವ್‌ಗೆ ಬೆಂಕಿ ಬಿತ್ತು, ಅವರ ಮನೆಯೂ ಸುಟ್ಟುಹೋಯಿತು. ಆಮೇಲೆ ಪ್ರಧಾನಿಯ ಕಾರ್ಯದರ್ಶಿ, 1957ರಿಂದ ನ್ಯೂಯಾರ್ಕಿನಲ್ಲಿ ಬರ್ಮಾದ ಕಾಯಂ ಪ್ರತಿನಿಧಿ. 1961ರ ಸೆಪ್ಟೆಂಬರಿನಲ್ಲಿ ಆಗಿನ ಮಹಾ ಕಾರ್ಯದರ್ಶಿ ಹ್ಯಾಮರ್‌ಷೋಲ್ಡ್ ವಿಮಾನ ಅಪಘಾತದಲ್ಲಿ ಸತ್ತರು. ಅಮೆರಿಕ, ರಷ್ಯಾ ಎರಡೂ ಒಪ್ಪುವ ಹೆಸರು ಸಿಗಬೇಕಲ್ಲ? ನವೆಂಬರಿನಲ್ಲಿ ಥಾಂಟ್ ಆ ಕುರ್ಚಿಗೆ ಬಂದರು. ಹತ್ತು ವರ್ಷಕ್ಕೂ ಜಾಸ್ತಿ ಕೂತರು. ಅಷ್ಟು ದಿನ ಬೇರೆ ಯಾರೂ ಅಲ್ಲಿ ಕೂತಿಲ್ಲ.

ಇನ್ನು ಚೀಟಿಯ ವಿಷಯ.

ಆ ವಾರ ನಮ್ಮ ಕ್ಲಾಸಿಗೂ ಪಕ್ಕದ ಬಿ ಸೆಕ್ಷನ್ನಿಗೂ ಖೋಖೋ ಜಗಳ. ಒಬ್ಬ ಔಟಾ ಅಲ್ಲವಾ ಅನ್ನೋದು. ನಮ್ಮ ಕ್ಯಾಪ್ಟನ್ನು ನಾನೇ. ಬೇಲಿಯ ಗೂಟ ಕಿತ್ತು ಇಟ್ಟುಕೊಳ್ಳುವವರೆಗೂ ಹೋಗಿತ್ತು. ಮೇಷ್ಟ್ರಿಗೆ ಸುದ್ದಿ ಮುಟ್ಟಿತು. ಬೈಯಲಿಲ್ಲ. ಕ್ಲಾಸಿನ ನಡುವೆಯೇ ನೋಟ್‌ಬುಕ್ಕಿನ ಹಾಳೆ ಹರಿದು, ಮಡಚಿ, ನನ್ನ ಕೈಗೊಂದು ಚೀಟಿ ಕೊಟ್ಟರು. ಇನ್ನೊಂದನ್ನು ಬಿ ಸೆಕ್ಷನ್ನಿಗೆ ಕಳಿಸಿದರು. ನನ್ನದರಲ್ಲಿ, 'ಎರಡು ವಾರ ಆಟ ನಿಲ್ಲಿಸು. ನೀನು ಸೋತೆ ಅಂತ ಯಾರೂ ಅನ್ನೋದಿಲ್ಲ. ಅಷ್ಟರಲ್ಲಿ ಮಾತಾಡೋಣ' ಅಂತಿತ್ತು. ಸಂಜೆ ಬಿ ಸೆಕ್ಷನ್ ಕ್ಯಾಪ್ಟನ್ ಜೊತೆ ಚೀಟಿ ಹೋಲಿಸಿ ನೋಡಿದೆ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಇಬ್ಬರಿಗೂ ಒಳಗೊಳಗೇ ಬೇಜಾರು. ತನ್ನ ಚೀಟಿಯಲ್ಲಿ ತನ್ನ ಕಡೆಗೇ ಒಂದು ಮಾತು ಜಾಸ್ತಿ ಇರುತ್ತೆ ಅಂತ ಇಬ್ಬರೂ ಅಂದುಕೊಂಡಿದ್ದೆವು.

ಮಾರನೇ ದಿನ ಮೇಷ್ಟ್ರು ಕ್ಯೂಬಾ ಕತೆ ಹೇಳಿದರು. 1962ರ ಅಕ್ಟೋಬರ್. ರಷ್ಯಾ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟಿದೆ. ಅಮೆರಿಕದ ನೌಕಾಪಡೆ ದಾರಿಗೆ ಅಡ್ಡ ನಿಂತಿದೆ. ರಷ್ಯಾದ ಹಡಗುಗಳು ಬರುತ್ತಲೇ ಇವೆ. ಅಕ್ಟೋಬರ್ 24ಕ್ಕೆ, ಅಂದರೆ ವಿಶ್ವಸಂಸ್ಥೆಯ ದಿನವೇ, ಥಾಂಟ್ ಅಮೆರಿಕದ ಅಧ್ಯಕ್ಷ ಕೆನಡಿಗೂ ರಷ್ಯಾದ ನಾಯಕ ಕ್ರುಶ್ಚೇವ್‌ಗೂ ಒಂದೇ ಒಕ್ಕಣೆಯ ಪತ್ರ ಕಳಿಸಿದರು. ಎರಡು ಮೂರು ವಾರ ನೀವು ಆಯುಧ ಸಾಗಿಸಬೇಡಿ, ನೀವು ಹಡಗು ತಡೆಯಬೇಡಿ, ಅಷ್ಟರಲ್ಲಿ ಮಾತಾಡಿ ಅಂತ. ಕ್ರುಶ್ಚೇವ್ ಹೂಂ ಅಂದರು. ಕೆನಡಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮಾರನೇ ದಿನ ಇನ್ನೊಂದು ಸುತ್ತು ಪತ್ರ. ಹಡಗುಗಳನ್ನು ಆ ಜಾಗದಿಂದ ದೂರ ಇಡಿ ಅಂತ ಕ್ರುಶ್ಚೇವ್‌ಗೆ, ನೇರ ಡಿಕ್ಕಿಗೆ ಹೋಗಬೇಡಿ ಅಂತ ಕೆನಡಿಗೆ. ಇದಕ್ಕೆ ಇಬ್ಬರೂ ಒಪ್ಪಿದರು. ತಿಂಗಳ ಕೊನೆಗೆ ಥಾಂಟ್ ಸ್ವತಃ ಹವಾನಾಕ್ಕೆ ಹೋಗಿ ಕ್ಯೂಬಾದ ನಾಯಕ ಕ್ಯಾಸ್ಟ್ರೋ ಮುಂದೆ ಕೂತರು. ಒಬ್ಬರೇ ಲೋಕ ಉಳಿಸಿದರು ಅಂತ ನಾನು ಹೇಳೋದಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಆದರೆ ಹಿಂದೆ ಸರಿಯೋಕೆ ಇಬ್ಬರಿಗೂ ಒಂದು ನೆಪ ಬೇಕಿತ್ತು ಅಲ್ವಾ? ಅದನ್ನು ಇವರು ಒದಗಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಅವರ ಮಗ ರಂಗೂನಿನಲ್ಲಿ ಬಸ್ಸಿನಿಂದ ಬಿದ್ದು ಸತ್ತಿದ್ದ. ಆ ದುಃಖ ಇಟ್ಟುಕೊಂಡೇ ಇದೆಲ್ಲ ಮಾಡಿದ್ದು.

"ನೀವು ಆಗ ಏನು ಮಾಡ್ತಿದ್ರಿ ಸಾರ್?" ಅಂತ ಕೇಳಿದೆವು. "ಕಾಲೇಜಲ್ಲಿದ್ದೆ. ಚೀನಾದವರು ನಮ್ಮ ಮೇಲೆ ಬಿದ್ದು ನಾಲ್ಕು ದಿನ ಆಗಿತ್ತು. ಕ್ಯೂಬಾ ಯಾರಿಗೆ ಬೇಕಿತ್ತಪ್ಪ?" ಅಂದರು.

ಭಾರತದ ಜೊತೆಗೂ ಥಾಂಟ್ ಅವರಿಗೆ ನಂಟು ಇತ್ತು. 1965ರ ಸೆಪ್ಟೆಂಬರಿನಲ್ಲಿ ಭಾರತ–ಪಾಕಿಸ್ತಾನ ಯುದ್ಧ ನಿಲ್ಲಿಸೋಕೆ ರಾವಲ್ಪಿಂಡಿಗೂ ದೆಹಲಿಗೂ ಹಾರಿ ಬಂದಿದ್ದರು. ನೆಹರೂ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿ ಮೊದಲು ಸಿಕ್ಕಿದ್ದೂ ಅವರಿಗೇ. ಸೈಪ್ರಸ್‌ನಲ್ಲಿ ಗ್ರೀಕರೂ ತುರ್ಕರೂ ಬಡಿದಾಡಿದಾಗ ಅಲ್ಲಿನ ಶಾಂತಿಪಡೆಗೆ 1964ರಲ್ಲಿ ದಂಡನಾಯಕರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಮರುವರ್ಷ ಡಿಸೆಂಬರಿನಲ್ಲಿ ಆ ದ್ವೀಪದಲ್ಲೇ ತೀರಿಕೊಂಡರು. ತಿಮ್ಮಯ್ಯನವರ ಹೆಸರು ಬಂದ ಕೂಡಲೇ ಮೇಷ್ಟ್ರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರೋರು.

ಒಂದು ವಿಷಯದಲ್ಲಿ ಮೇಷ್ಟ್ರಿಗೂ ನನಗೂ ಇವತ್ತಿಗೂ ಹೊಂದಿಕೆಯಿಲ್ಲ. 1967ರ ಮೇ ತಿಂಗಳಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್, ನಮ್ಮ ನೆಲದಲ್ಲಿರುವ ವಿಶ್ವಸಂಸ್ಥೆಯ ಶಾಂತಿಪಡೆ ಹೊರಡಲಿ ಅಂದರು. ಥಾಂಟ್ ಹೂಂ ಅಂದುಬಿಟ್ಟರು. ಜೂನ್ 5ಕ್ಕೆ ಇಸ್ರೇಲ್ ಜೊತೆ ಯುದ್ಧ. ಗಾಜಾದಲ್ಲಿದ್ದ ಭಾರತದ ಸೈನಿಕರೂ ಕೆಲವರು ಸತ್ತರು. ಮನೆಯ ಯಜಮಾನ ಹೊರಡಿ ಅಂದ ಮೇಲೆ ಹೇಗೆ ಕೂರೋದು, ಇಸ್ರೇಲ್ ಅಂತೂ ತನ್ನ ಕಡೆ ಪಡೆಗೆ ಜಾಗವನ್ನೇ ಕೊಡಲಿಲ್ಲ ಅನ್ನೋದು ಮೇಷ್ಟ್ರ ವಾದ. ಸರಿ. ಆದರೆ ನಾಲ್ಕು ದಿನ ಎಳೆಯಬಹುದಿತ್ತು ಅಂತ ನನಗನ್ನಿಸುತ್ತೆ. ಖೋಖೋಗೆ ಎರಡು ವಾರ ಕೇಳಿದವರು ಮೇಷ್ಟ್ರೇ ತಾನೆ? ಯುದ್ಧಕ್ಕೆ ಮೊದಲು, ಆ ಮೇ ತಿಂಗಳಲ್ಲೇ ಥಾಂಟ್ ಕೈರೋಗೆ ಹೊರಟಿದ್ದರು. ಅವರು ದಾರಿಯಲ್ಲಿದ್ದಾಗಲೇ ನಾಸರ್ ಇಸ್ರೇಲ್ ಹಡಗುಗಳಿಗೆ ಟಿರಾನ್ ಜಲಸಂಧಿ ಮುಚ್ಚಿದ್ದಾಗಿ ಸಾರಿದರು.

ಮೇಷ್ಟ್ರು ನಮಗೆ ಹೇಳದೆ ಬಿಟ್ಟ ಭಾಗವೊಂದಿತ್ತು. ಅದು ನನಗೆ ಸಿಕ್ಕಿದ್ದು 2016ರಲ್ಲಿ. ನಾನು ಬೇಳೆಕಾಳು ವ್ಯಾಪಾರಕ್ಕೆ ಬಿದ್ದವನು. ನಮ್ಮ ಇಡ್ಲಿ ದೋಸೆಗೆ ಬರ್ಮಾ ಉದ್ದು ಎಷ್ಟು ಬೇಕು ಅನ್ನೋದು ಹೋಟೆಲಿನವರನ್ನು ಕೇಳಿ. ಮಾಲು ನೋಡೋಕೆ ಯಾಂಗೋನ್‌ಗೆ, ಅಂದರೆ ಹಳೇ ರಂಗೂನಿಗೆ, ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವಾಯಿತು. ಟ್ಯಾಕ್ಸಿಯವನಿಗೆ "ಊ ಥಾಂಟ್" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಮೂರು ಸಲ ಹೇಳಿದೆ. ಆಮೇಲೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. "ಆ! ಊ ಥಾನ್!" ಅಂದ. ಕೊನೆಯ 'ಟ್' ಅಲ್ಲಿ ಇಲ್ಲವೇ ಇಲ್ಲ. ಮೂವತ್ತೆರಡು ವರ್ಷ ಇಲ್ಲದ ಅಕ್ಷರ ಹೇಳಿಕೊಂಡು ಬಂದಿದ್ದೆ.

ಶ್ವೇಡಗೋನ್ ಪಗೋಡದ ಹತ್ತಿರ, ಬರ್ಮಾದ ಕೊನೆಯ ರಾಣಿ ಸುಪಯಾಲತ್ ಸಮಾಧಿ ಇರುವ ಸಾಲಿನಲ್ಲೇ ಅವರ ಸಮಾಧಿ. ಅಲ್ಲಿಗೆ ಬಂದ ಬಗೆ ಹೀಗೆ. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡಿದ್ದರು, ನು ಜೈಲಿಗೆ ಹೋಗಿದ್ದರು. 1969ರಲ್ಲಿ ದೇಶ ಬಿಟ್ಟು ಹೊರಗೆ ಬಂದ ನು ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಕಟ್ಟಡದಲ್ಲೇ ನೆ ವಿನ್ ವಿರುದ್ಧ ಮಾತಾಡಿದರು. ಥಾಂಟ್ ಆಗ ಊರಲ್ಲೇ ಇರಲಿಲ್ಲ. ಆದರೂ ನೆ ವಿನ್ ಸಿಟ್ಟು ಇವರ ಮೇಲೆ. 1974ರ ನವೆಂಬರ್ 25ಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಥಾಂಟ್ ತೀರಿಕೊಂಡಾಗ, ದೇಹ ರಂಗೂನಿಗೆ ಬಂದರೆ ಸರ್ಕಾರಿ ಗೌರವ ಇಲ್ಲ. ವಿಮಾನ ನಿಲ್ದಾಣಕ್ಕೆ ಬಂದ ಶಿಕ್ಷಣ ಇಲಾಖೆಯ ಉಪಮಂತ್ರಿಯ ಕೆಲಸವೇ ಹೋಯಿತು. ಡಿಸೆಂಬರ್ 5ರಂದು ಹಳೇ ರೇಸ್‌ಕೋರ್ಸ್ ಮೈದಾನದಿಂದ ವಿದ್ಯಾರ್ಥಿಗಳು ಶವಪೆಟ್ಟಿಗೆಯನ್ನೇ ಎತ್ತಿಕೊಂಡು ವಿಶ್ವವಿದ್ಯಾಲಯಕ್ಕೆ ಹೋದರು. 1962ರಲ್ಲಿ ಸೇನೆ ಸಿಡಿಸಿ ಕೆಡವಿದ್ದ ವಿದ್ಯಾರ್ಥಿ ಸಂಘದ ಜಾಗದಲ್ಲಿ ತಾವೇ ಸಮಾಧಿ ಕಟ್ಟಿದರು. ಡಿಸೆಂಬರ್ 11ರ ಬೆಳಗಿನ ಜಾವ ಸೈನಿಕರು ನುಗ್ಗಿ ಪೆಟ್ಟಿಗೆ ತೆಗೆದುಕೊಂಡು ಬಂದು ಇಲ್ಲಿ ಹೂತರು. ಊರಲ್ಲಿ ಗಲಭೆಯಾಯಿತು, ಗುಂಡು ಹಾರಿತು, ಹುಡುಗರು ಸತ್ತರು.

ಅಂದು ರಾತ್ರಿ ಹೋಟೆಲಿನಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ್ದರು. "ಹುಡುಗರು ಎತ್ತಿಕೊಂಡು ಹೋದದ್ದು ನಮಗೆ ಯಾಕೆ ಹೇಳಲಿಲ್ಲ ಸಾರ್?" ಅಂದೆ.

"ನೀವು ಗೂಟ ಕೀಳೋ ಹುಡುಗರು. ಹೇಳೋಕೆ ಧೈರ್ಯ ಬರಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರ ಸ್ಕೂಲು ನೋಡಿದೆಯಾ, ಪಂತನಾವ್‌ದು?" ಅಂತ ಕೇಳಿದರು.

"ಇಲ್ಲ ಸಾರ್. ದೂರ ಇದೆ. ನಾಳೆ ಉದ್ದಿನ ಗೋಡೌನಿಗೆ ಹೋಗಬೇಕು."

"ಸರಿ, ಉದ್ದನ್ನಾದ್ರೂ ಸರಿಯಾಗಿ ನೋಡು" ಅಂದು ಫೋನ್ ಇಟ್ಟರು.